ಬಂಕಾಪುರ ಟೋಲ್ ದಾಟಿದ ಕಾರು

ಚಾಮರಾಜಪೇಟೆ, ಬೆಂಗಳೂರು
3 ಜೂನ್ 2024

ಅಕ್ಕ ಹಂಸಾಗೆ ತಮ್ಮ ಬಸವಪ್ರಭುವಿನ ಶರಣು.

ಹತ್ತಿರ ಹತ್ತಿರ ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ಈ ಲಕೋಟೆಯಲ್ಲಿರುವ ಫಾರಂಗಳಿಗೆ ನಿನ್ನ ಸಹಿ ಶಾಯಿಯಲ್ಲೇ ಬೇಕು. ಲಕೋಟೆ ಹೇಗೂ ಹೋಗುತ್ತಿದೆ, ಜೊತೆಗೊಂದು ಕಾಗದವೂ ಹೋಗಲಿ ಎಂದುಕೊಂಡೆ.

ವಿಷಯ ಕಾರಿನದು. ಮಾರಬೇಕೆಂದಿದ್ದೇನೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. 2021ರಲ್ಲಿ ಬ್ಯಾಂಕಿನವರು ನನ್ನ ತಕ್ಕಡಿ ಅಂಗಡಿಯನ್ನು ನಂಬಿ ಸಾಲ ಕೊಡಲಿಲ್ಲ, ನಿನ್ನ ಸ್ಕೂಲಿನ ಸಂಬಳ ನೋಡಿ ಕೊಟ್ಟರು. ಹಾಗಾಗಿ ಆರ್‌ಸಿ ನಿನ್ನ ಹೆಸರಿನಲ್ಲಿದೆ, ಸಾಲವೂ ನಿನ್ನ ಹೆಸರಿನಲ್ಲಿದೆ, ಕಂತು ಮಾತ್ರ ನಾನು ಕಟ್ಟುತ್ತೇನೆ. ಇನ್ನೂ ಎರಡು ಲಕ್ಷ ಹದಿನಾಲ್ಕು ಸಾವಿರ ಬಾಕಿ ಇದೆ. ಅದು ತೀರುವ ತನಕ ಆರ್‌ಸಿಯಲ್ಲಿ ನಿನ್ನ ಹೆಸರಿನ ಕೆಳಗೆ ಬ್ಯಾಂಕಿನ ಹೆಸರೂ ಇರುತ್ತದೆ.

ಬಿನ್ನಿಪೇಟೆಯ ಕೈಲಾಸ್ ಎನ್ನುವವರು ಕೊಳ್ಳಲು ಮುಂದೆ ಬಂದಿದ್ದಾರೆ. ಜಲಮಂಡಳಿಯಲ್ಲಿ ಕೆಲಸ, ಮರ್ಯಾದಸ್ಥರು. ಉಳಿದ ಕಂತು ಅವರೇ ಕಟ್ಟಿಕೊಂಡು ಹೋಗುತ್ತಾರಂತೆ. ಬ್ಯಾಂಕಿನವರಿಗೆ ಈಗಲೇ ಹೇಳುವ ಅಗತ್ಯವಿಲ್ಲ, ಎಲ್ಲರೂ ಹೀಗೇ ಮಾಡುವುದು.

ಕಾರು ಮನೆ ಮುಂದೆ ಕವರ್ ಹೊದ್ದು ನಿಂತಿದೆ. ನಮ್ಮ ರಸ್ತೆಯಲ್ಲಿ ಈಗ ಸೈಕಲ್ ನಿಲ್ಲಿಸಲೂ ಜಾಗವಿಲ್ಲ, ಅಂಗಡಿಗೆ ನಾನು ನಡೆದೇ ಹೋಗುತ್ತೇನೆ. ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಮಾಡಿ ಕಳಿಸು. ತಾರೀಖು ಹಾಕಬೇಡ.

ಭಾವನವರಿಗೆ ಶರಣು. ಶೈಲಜಾ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದಳು.

ಪ್ರಭು


ಮಾಳಮಡ್ಡಿ, ಧಾರವಾಡ
14 ಜೂನ್ 2024

ಪ್ರಭು,

ಕಾಗದ ತಲುಪಿತು. ಅದರಲ್ಲಿ ನನಗೆ ಬರೆದದ್ದು ನಾಲ್ಕು ಸಾಲು, ಮಿಕ್ಕದ್ದೆಲ್ಲ ಕಾರಿಗೆ. ಮೂವತ್ತೆರಡು ವರ್ಷ ಮಕ್ಕಳ ನೋಟ್‌ಬುಕ್ ತಿದ್ದಿದವಳಿಗೆ ಎಣಿಸುವ ಚಟ, ಏನು ಮಾಡಲಿ.

ತಾರೀಖಿಲ್ಲದ ಫಾರಂಗೆ ಸಹಿ ಹಾಕುವುದಿಲ್ಲ. ತಾರೀಖಿಲ್ಲದ ರಜಾ ಚೀಟಿಯನ್ನೇ ನಾನು ತೆಗೆದುಕೊಂಡವಳಲ್ಲ. ಎಲ್ಲರೂ ಹೀಗೇ ಮಾಡುವುದು ಎಂದಿದ್ದೀಯ. ಆ ಎಲ್ಲರೂ ಬಂದು ನನ್ನ ಹೆಸರಿನ ಸಾಲಕ್ಕೆ ಜವಾಬು ಹೇಳುತ್ತಾರೇನು?

ಸಹಿ ಬೇಕಾದರೆ ನೀನೇ ಬಾ. ಕೂತು ಒಂದು ಊಟ ಮಾಡು, ಸಹಿ ತೆಗೆದುಕೊಂಡು ಹೋಗು. ಇದಕ್ಕಿಂತ ಅಗ್ಗವಾಗಿ ಯಾವ ಬ್ರೋಕರನೂ ಕೆಲಸ ಮಾಡಿಕೊಡುವುದಿಲ್ಲ.

ಕಾರು ಕವರ್ ಹೊದ್ದು ನಿಂತಿದೆ ಎಂದು ಬರೆದಿದ್ದೀಯ. ನಿಂತಲ್ಲೇ ನಿಂತರೆ ಬ್ಯಾಟರಿ ಕೂತುಬಿಡುತ್ತದೆ. ಆಗಾಗ ಓಡಿಸುತ್ತಿರು. ನಮ್ಮ ಕಡೆಗೆ ಬರುವ ರಸ್ತೆ ಈಗ ಚೆನ್ನಾಗಿದೆಯಂತೆ.

ಗಂಡ ಹೆಂಡತಿ ಇಬ್ಬರಿಗೂ, ನಿನಗೂ ಶೈಲಜಾಳಿಗೂ, ಆಶೀರ್ವಾದ.

ಹಂಸಾ


ಚಾಮರಾಜಪೇಟೆ
27 ಜೂನ್ 2024

ಅಕ್ಕಾ,

ಓಡಿಸುತ್ತಿದ್ದೇನೆ, ಚಿಂತೆ ಬೇಡ. ಹೋದ ಭಾನುವಾರ ಮಾವಳ್ಳಿ ತನಕ ಹೋಗಿ ತಿಂಡಿ ತಿಂದು, ಲಾಲ್‌ಬಾಗ್ ಸುತ್ತಿಕೊಂಡು ಬಂದೆವು. ಬ್ಯಾಟರಿ ಚೆನ್ನಾಗಿದೆ.

ಧಾರವಾಡಕ್ಕೆ ಬರಲು ಸದ್ಯಕ್ಕೆ ಆಗದು. ಪೇಟೆಯವರೆಲ್ಲ ತಕ್ಕಡಿಗೆ ಸರ್ಕಾರದ ಮುದ್ರೆ ಹಾಕಿಸುವ ಸಮಯ. ಒಂದು ದಿನ ಬಾಗಿಲು ಹಾಕಿದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ, ಹೋದವರು ಮತ್ತೆ ಬರುವುದಿಲ್ಲ.

ಹಳೆಯ ಫಾರಂ ಕಳೆದುಹೋಗಿದ್ದರೆ ಇರಲಿ ಎಂದು ಇನ್ನೊಂದು ಜೊತೆ ಇಟ್ಟಿದ್ದೇನೆ. ತಾರೀಖು ಬೇಕೆಂದರೆ ಹಾಕು. ಕೈಲಾಸ್ ದಿನಾ ಕೇಳುತ್ತಿದ್ದಾರೆ. ಕೊಟ್ಟ ಮಾತಿಗೆ ತಪ್ಪಿದವನು ಅನ್ನಿಸಿಕೊಳ್ಳುವುದು ನನಗೆ ಇಷ್ಟವಿಲ್ಲ.

ಪ್ರಭು


ಮಾಳಮಡ್ಡಿ, ಧಾರವಾಡ
15 ಜುಲೈ 2024

ಚಿರಂಜೀವಿ ಪ್ರಭುವಿಗೆ,

ಫಾರಂ ಕಳೆದಿಲ್ಲ. ಎರಡೂ ಜೊತೆ ದೇವರ ಮನೆಯ ಗೋಡೆಯ ಮಾಡದಲ್ಲಿವೆ.

ನಿನ್ನ ಅಕ್ಷರ ಯಾಕೆ ಅಷ್ಟು ದಪ್ಪಗಾಗಿದೆ? ಒಂದು ಪುಟಕ್ಕೆ ಹತ್ತು ಸಾಲು, ಅದೂ ಇಳಿಜಾರು. ಸಿಟ್ಟಿನಲ್ಲಿ ಬರೆದವರ ಅಕ್ಷರ ಹಾಗಿರುತ್ತದೆ. ಇಷ್ಟು ಸಿಟ್ಟು ಯಾಕೋ?

ಹನುಮಂತನಗರದ ಮನೆ ಖಾಲಿ ಮಾಡಿ ನಾವು ಹೊರಟ ದಿನ ನೀನು ಬರಲಿಲ್ಲ. ಲಾರಿಗೆ ಸಾಮಾನು ಹೇರಿ ಮುಗಿದ ಮೇಲೂ ನಾನು ಗೇಟಿನ ಹತ್ತಿರ ಅರ್ಧ ಗಂಟೆ ನಿಂತಿದ್ದೆ. ಬೆಂಗಳೂರು ಬಿಟ್ಟು ಗಂಡನ ಊರಿಗೆ ಹೋದೆನೆಂದು ನಿನಗೆ ಕೋಪ, ಅದು ನನಗೆ ಗೊತ್ತು. ಅದನ್ನು ಎಷ್ಟು ದಿನ ಸಾಕುತ್ತೀಯ?

ಶನಿವಾರ ಎಣ್ಣೆಗಾಯಿ ಮಾಡಿ ರೊಟ್ಟಿ ತಟ್ಟಿದ್ದೆ, ಮೂರು ಜನಕ್ಕಾಗುವಷ್ಟು. ನಿನ್ನ ಭಾವ ಡಬ್ಬಿ ನೋಡಿ, "ಯಾರ್ ಬರೋರದಾರ?" ಎಂದು ಕೇಳಿದರು. ಯಾರೂ ಇಲ್ಲ ಎಂದೆ.

ಒಂದು ಮಾತು ಹೇಳಿಬಿಡುತ್ತೇನೆ. ಬರಬೇಕೆಂದು ಹೊರಟವನಿಗೆ ದಾರಿಯಲ್ಲಿ ಮನಸ್ಸು ಬದಲಾಗುವುದುಂಟು. ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ನಾನು ಕಾಯುತ್ತೇನೆ.

ಅಕ್ಕ


ಚಾಮರಾಜಪೇಟೆ
2 ಆಗಸ್ಟ್ 2024

ಅಕ್ಕಾ,

ದಾರಿ, ನೀರು ಎಂದು ಏನೇನೋ ಬರೆದಿದ್ದೀಯ. ಎರಡು ಸಲ ಓದಿಸಿಕೊಂಡೆ, ಅರ್ಥವಾಗಲಿಲ್ಲ.

ಕೋಪದ ವಿಷಯ ನೀನೇ ಎತ್ತಿದ್ದರಿಂದ ಹೇಳುತ್ತೇನೆ. ನೀನು ಊರು ಬಿಟ್ಟದ್ದಕ್ಕೆ ನನಗೆ ಕೋಪ ಬಂದಿರಲಿಲ್ಲ. ಅದಕ್ಕೆ ಹತ್ತು ದಿನ ಮೊದಲು ಆಯುಧಪೂಜೆ ಆಯಿತಲ್ಲ, ಅದನ್ನು ನೆನಪು ಮಾಡಿಕೋ. ಕಾರು ತೊಳೆದು ಚೆಂಡು ಹೂ ಕಟ್ಟಿದ್ದೆ. ಎದುರುಮನೆ ಬದರೀನಾರಾಯಣ ಅವರು ಚರುಪಿನ ಪ್ರಸಾದ ತಗೊಳ್ಳುವಾಗ, "ಚೆನ್ನಾಗ್ ಇಟ್ಕೊಂಡಿದೀರಾ ಪ್ರಭು, ನಿಮ್ದೇನಾ?" ಅಂದರು. "ನಮ್ದೇ ಸಾರ್" ಅಂದೆ. ನೀನು ಪಕ್ಕದಲ್ಲಿ ನಿಂತು, "ಹೆಸರು ನಂದು ಸಾರ್, ಸ್ಟೇರಿಂಗ್ ಮಾತ್ರ ಅವನ್ದು" ಅಂದೆ. ಎಲ್ಲರೂ ನಕ್ಕರು. ಶೈಲಜಾ ಕೂಡ ನಕ್ಕಳು.

ನೀನು ಹೇಳಿದ್ದು ಸುಳ್ಳಲ್ಲ. ಆದರೆ ಒಂದು ಕಂತನ್ನೂ ತಪ್ಪಿಸದೆ ಕಟ್ಟಿದವನು ನಾನು. ಅಂದಿನಿಂದ ಆ ಕಾರಿನಲ್ಲಿ ಕೂತಾಗಲೆಲ್ಲ ಬಾಡಿಗೆಗೆ ತಂದವನ ಹಾಗೆ ಅನಿಸುತ್ತಿತ್ತು. ನಿನ್ನ ಲಾರಿ ಹೊರಟ ದಿನ ಅದೇ ಕಾರಿನಲ್ಲಿ ಬಂದು ನಿಲ್ಲಲು ನನಗೆ ಆಗಲಿಲ್ಲ.

ದಯವಿಟ್ಟು ಸಹಿ ಮಾಡಿ ಕಳಿಸು. ನಿನ್ನ ಹೆಸರು ನಿನಗೆ ವಾಪಸ್ ಬರುತ್ತದೆ.

ಪ್ರಭು


ಮಾಳಮಡ್ಡಿ, ಧಾರವಾಡ
12 ಆಗಸ್ಟ್ 2024

ಪ್ರಭು,

ಆ ಮಾತು ನಾನು ಆಡಿದ್ದು ನಿಜ. ಆಡಿದ ಮರುಕ್ಷಣ ಮರೆತೂಬಿಟ್ಟಿದ್ದೆ. ಎರಡು ವರ್ಷ ಅದನ್ನು ನೀನು ಇಟ್ಟುಕೊಂಡಿದ್ದೀಯ ಎಂದು ಗೊತ್ತಿದ್ದರೆ ಅಂದೇ ಬಂದು ಕೈ ಹಿಡಿದುಕೊಳ್ಳುತ್ತಿದ್ದೆ. ತಪ್ಪಾಯಿತು.

ಈಗ ನನ್ನದನ್ನೂ ಹೇಳಿಬಿಡುತ್ತೇನೆ. ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಇದೆಯಲ್ಲ, ಅದನ್ನು ಮಾಡಿಸಿದ್ದೂ ನನ್ನ ಹೆಸರಿನಲ್ಲೇ, ನನ್ನ ಫೋನ್ ನಂಬರಿಗೇ. ಕಾರು ಟೋಲ್ ದಾಟಿದಾಗಲೆಲ್ಲ ನನಗೆ ಮೆಸೇಜ್ ಬರುತ್ತದೆ. ಮೊದಲ ಮೂರು ವರ್ಷದಲ್ಲಿ ನೀನು ಎರಡು ಸಲ ಸಿದ್ಧಗಂಗೆಗೆ ಹೋದದ್ದು ಬಿಟ್ಟರೆ ಏನೂ ಬಂದಿರಲಿಲ್ಲ. ಈ ಮೇ ತಿಂಗಳಿಂದ ಬರುತ್ತಿದೆ. ಎರಡನೇ ಶನಿವಾರ, ನಾಲ್ಕನೇ ಶನಿವಾರ. ನೆಲಮಂಗಲ, ಹಿರಿಯೂರು, ದಾವಣಗೆರೆ. ಹತ್ತೂವರೆ ಹನ್ನೊಂದಕ್ಕೆ ಬಂಕಾಪುರ. ಅಲ್ಲಿಂದ ನಮ್ಮ ಮನೆಗೆ ಒಂದೂವರೆ ಗಂಟೆ ದಾರಿ, ಅಷ್ಟೇ. ಆಮೇಲೆ ಮೆಸೇಜ್ ಇರುವುದಿಲ್ಲ. ಮರುದಿನ ಮಧ್ಯಾಹ್ನ ಅದೇ ಬಂಕಾಪುರ, ವಾಪಸ್ ಹೋಗುವ ದಿಕ್ಕಿಗೆ.

ನನ್ನನ್ನು ನೋಡಲು ಹೊರಡುತ್ತೀಯ, ಅಲ್ಲಿವರೆಗೆ ಬಂದು ಮನಸ್ಸು ಹಿಂದೆಗೆಯುತ್ತದೆ, ರಾತ್ರಿ ಯಾವುದೋ ಲಾಡ್ಜಿನಲ್ಲಿ ಕಳೆದು ವಾಪಸ್ ಹೋಗುತ್ತೀಯ. ಬರೆಯುವಾಗ ಮಾತ್ರ ಲಾಲ್‌ಬಾಗ್ ಅನ್ನುತ್ತೀಯ. ಇದೇ ನನ್ನ ಲೆಕ್ಕ. ಕೇಳಿದರೆ ಆ ಬರುವುದನ್ನೂ ನಿಲ್ಲಿಸುತ್ತೀಯೇನೋ ಎಂದು ಹೆದರಿ ಕೇಳಲಿಲ್ಲ. ಇದುವರೆಗೆ ಏಳು ಸಲ ಆಗಿದೆ. ಏಳು ಸಲವೂ ರೊಟ್ಟಿ ಮಾಡಿದ್ದೇನೆ. ಮೊನ್ನೆ ಶನಿವಾರ ಹನ್ನೆರಡೂವರೆಯಿಂದ ಮೂರರ ತನಕ ಕಿಟಕಿಯ ಹತ್ತಿರವೇ ಕೂತಿದ್ದೆ.

ಸಹಿ ಕಳಿಸಿಬಿಟ್ಟರೆ ನಿನಗೆ ಈ ಕಡೆ ಬರಲು ಕಾರಣವೇ ಇರುವುದಿಲ್ಲ. ಅದಕ್ಕೇ ತಡೆದಿದ್ದೇನೆ. ಬಾರೋ, ಬಂಕಾಪುರದಿಂದ ಇನ್ನೊಂದು ಸ್ವಲ್ಪ ಮುಂದೆ ಬಾ. ಆಯುಧಪೂಜೆಯ ವಿಷಯ ನಾನೇ ಮೊದಲು ಮಾತಾಡುತ್ತೇನೆ.

ಅಕ್ಕ


ಚಾಮರಾಜಪೇಟೆ
9 ಸೆಪ್ಟೆಂಬರ್ 2024

ಅಕ್ಕಾ,

ನಿನ್ನ ಕಾಗದ ಬಂದು ಇಪ್ಪತ್ತು ದಿನದ ಮೇಲಾಯಿತು. ಶೈಲಜಾ ಓದಿದಳು, ನಡುವೆ ಎರಡು ಸಲ ನಿಲ್ಲಿಸಿದಳು. ಮೂರು ಸಲ ಉತ್ತರ ಬರೆದು ಹರಿದೆ. ಇದನ್ನು ಹರಿಯುವ ಮೊದಲು ಅಂಚೆಗೆ ಹಾಕುತ್ತೇನೆಂದು ಅವಳು ಪಕ್ಕದಲ್ಲೇ ಕೂತಿದ್ದಾಳೆ.

ಆ ಕಾರಿನಲ್ಲಿ ಬರುತ್ತಿರುವವನು ನಾನಲ್ಲ.

ಕಾರನ್ನು ಮೇ ಹತ್ತನೇ ತಾರೀಖು, ಬಸವ ಜಯಂತಿಯ ದಿನವೇ ಕೈಲಾಸ್‌ಗೆ ಕೊಟ್ಟುಬಿಟ್ಟೆ. ಸ್ಟ್ಯಾಂಪ್ ಪೇಪರಿನ ಮೇಲೆ ಒಂದು ಕರಾರು, ನೋಟರಿ ಸೀಲು. ಒಂದೂವರೆ ಲಕ್ಷ ಕೈಗೆ ಕೊಟ್ಟರು, ಕಂತಿನ ಹಣ ಪ್ರತಿ ತಿಂಗಳು ನನಗೆ ಕೊಡುತ್ತಾರೆ, ನಾನು ಎಂದಿನಂತೆ ನಿನ್ನ ಖಾತೆಗೆ ಹಾಕುತ್ತೇನೆ. ನಿನಗೆ ಮೊದಲ ಕಾಗದ ಬರೆಯುವ ಹೊತ್ತಿಗೆ ಮನೆ ಮುಂದೆ ಕಾರೂ ಇರಲಿಲ್ಲ, ಕವರೂ ಇರಲಿಲ್ಲ. ಕೇಳಿದರೆ ಬೇಡ ಎನ್ನುತ್ತೀಯ, ಹೆಸರು ನಿನ್ನದು, ಬೇಡ ಎಂದರೆ ನನ್ನ ಕೈಯಲ್ಲಿ ಏನೂ ಆಗುವುದಿಲ್ಲ. ಹಾಗಾಗಿ ಮೊದಲು ಕೊಟ್ಟು ಆಮೇಲೆ ಕೇಳಿದೆ.

ಕಾರು ಕೊಡುವಾಗ ಕೈಲಾಸ್ ಕೇಳಿದರು, "ಸಾರ್, ಈ ಫಾಸ್ಟ್ಯಾಗ್ ಕಿತ್ತು ನಮ್ದು ಹಾಕ್ಕೊಳ್ಳಾ?" ಹಳೆಯದನ್ನು ರದ್ದು ಮಾಡಿಸಬೇಕಾದರೆ ನಿನ್ನ ಫೋನಿಗೆ ಓಟಿಪಿ ಹೋಗುತ್ತದೆ, ನಿನಗೆ ಗೊತ್ತಾಗುತ್ತದೆ. "ಬೇಡ ಬಿಡಿ, ಅದ್ರಲ್ಲೇ ದುಡ್ಡು ತುಂಬ್ಕೊಂಡು ಓಡಿಸ್ಕೊಳಿ" ಎಂದೆ. ಓಟಿಪಿಗೆ ಹೆದರಿದವನಿಗೆ ಮೆಸೇಜೂ ಅಲ್ಲಿಗೇ ಹೋಗುತ್ತದೆಂದು ಹೊಳೆಯಲಿಲ್ಲ.

ಕೈಲಾಸ್ ಹೆಂಡತಿ ಚೈತನ್ಯಾ ಹೆರಿಗೆಗೆಂದು ತವರಿಗೆ ಹೋಗಿದ್ದಾರೆ. ತವರು ಶಿಗ್ಗಾಂವಿ, ಬಂಕಾಪುರದಿಂದ ಸ್ವಲ್ಪ ಮುಂದೆ. ಸರ್ಕಾರಿ ಕೆಲಸದವರಿಗೆ ಎರಡನೇ ಶನಿವಾರ, ನಾಲ್ಕನೇ ಶನಿವಾರ ರಜೆ. ಹೆಂಡತಿಯನ್ನು ನೋಡಿಕೊಂಡು ಬರುತ್ತಾರೆ, ಅಷ್ಟೆ. ಜುಲೈನಲ್ಲಿ ಮಗಳು ಹುಟ್ಟಿದಳು.

ಇನ್ನೊಂದು ಹೇಳುವುದಿದೆ. ನಾನು ಫೆಬ್ರವರಿಯಿಂದ ಕಾರು ಮುಟ್ಟಿಲ್ಲ. ಉಮಾ ಟಾಕೀಸ್ ಹತ್ತಿರ ಬಲಗಡೆಯಿಂದ ಬಂದ ಸ್ಕೂಟರ್ ನನಗೆ ಕಾಣಲೇ ಇಲ್ಲ. ಹುಡುಗಿ ಬಿದ್ದಳು, ಮೊಣಕಾಲು ತರಚಿತು, ದೇವರು ದೊಡ್ಡವನು. ಮನೆಗೆ ಬಂದು ಕೀಲಿಕೈ ಶೈಲಜಾಳಿಗೆ ಕೊಟ್ಟೆ. ಬಲಗಣ್ಣಿಗೆ ಗ್ಲಾಕೋಮಾ ಅಂತೆ, ಒಳಗೆ ಒತ್ತಡ ಹೆಚ್ಚಾಗಿ ನರ ಸತ್ತಿದೆ. ಹೋದ ದೃಷ್ಟಿ ಬರುವುದಿಲ್ಲ, ಎಡಗಣ್ಣು ಉಳಿಸಿಕೊಳ್ಳಬೇಕು ಎಂದರು. ಕೈಲಾಸ್ ಕೊಟ್ಟ ಹಣ ಆಪರೇಷನ್‌ಗೆ ಹೋಯಿತು. ಅಂಗಡಿಯಲ್ಲಿ ತಕ್ಕಡಿಯ ಮುಳ್ಳು ನೋಡುವುದು ಈಗ ಶೈಲಜಾಳ ಕೆಲಸ. ಅಕ್ಷರ ದಪ್ಪಗಾದದ್ದು ಸಿಟ್ಟಿಗಲ್ಲ.

ಏಳು ಸಲ ರೊಟ್ಟಿ ಮಾಡಿದೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಶೈಲಜಾಳಿಂದ ಮತ್ತೆ ಓದಿಸಿಕೊಂಡೆ.

ಪ್ರಭು


ಮಾಳಮಡ್ಡಿ, ಧಾರವಾಡ
16 ಸೆಪ್ಟೆಂಬರ್ 2024

ಪ್ರಭು,

ಮೊದಲು ಕಾರಿನ ವಿಷಯ. ಆ ಕ್ರಮದಲ್ಲಾದರೆ ಮಾತ್ರ ನನ್ನಿಂದ ಬರೆಯಲು ಆಗುತ್ತದೆ.

ಸಾಲ ಬಾಕಿಯಿರುವ ಕಾರನ್ನು ಬ್ಯಾಂಕಿಗೆ ಹೇಳದೆ ಕೊಟ್ಟಿದ್ದೀಯ. ನಾಲ್ಕು ತಿಂಗಳಿಂದ ಯಾರೋ ಗೊತ್ತಿಲ್ಲದವರು ನನ್ನ ಹೆಸರಿನ ಕಾರನ್ನು ಹೆದ್ದಾರಿಯಲ್ಲಿ ಓಡಿಸುತ್ತಿದ್ದಾರೆ. ನಡುವೆ ಏನಾದರೂ ಆಗಿದ್ದರೆ ಪೊಲೀಸರು ಬರುತ್ತಿದ್ದದ್ದು ಮಾಳಮಡ್ಡಿಗೆ. ಕಂತು ನಿಂತಿದ್ದರೆ ಪೆನ್ಶನ್‌ನಿಂದ ಕಟ್ಟಬೇಕಾದವಳು ನಾನು. ಆ ಕೈಲಾಸ್ ಪಾಪದವರು, ಅವರ ಹತ್ತಿರ ಇರುವುದು ಒಂದು ಸ್ಟ್ಯಾಂಪ್ ಪೇಪರ್ ಮಾತ್ರ. ನಾಳೆ ನಾನು ಕೊಡುವುದಿಲ್ಲ ಎಂದರೆ ಅವರ ದುಡ್ಡು ನೀರುಪಾಲು. ನೀನು ತಕ್ಕಡಿ ವ್ಯಾಪಾರ ಮಾಡುವವನು, ಇದರಲ್ಲಿ ಯಾರಿಗೆ ಎಷ್ಟು ತೂಗಿದೆ ನೀನೇ ನೋಡಿಕೋ.

ಹೀಗೆ ಮಾಡು. ನಾನು ಸಾಲ ಮುಗಿಸುವುದಾಗಿ ಬ್ಯಾಂಕಿಗೆ ಬರೆದ ಕಾಗದ ಇದರಲ್ಲಿದೆ. ಉಳಿದದ್ದು ಒಂದು ಲಕ್ಷ ಎಂಬತ್ತಮೂರು ಸಾವಿರ. ಕೈಲಾಸ್ ಅದನ್ನು ನೇರವಾಗಿ ಸಾಲದ ಖಾತೆಗೆ ಕಟ್ಟಲಿ, ಅವರ ಆಫೀಸಿನ ಪತ್ತಿನ ಸಂಘದಲ್ಲಿ ಸಾಲ ಸಿಗುತ್ತದೆ. ಬ್ಯಾಂಕಿನವರು ಬಾಕಿ ಇಲ್ಲವೆಂದು ಪತ್ರ ಕೊಡುತ್ತಾರೆ. ಅದನ್ನೂ ಕಾರನ್ನೂ ತೆಗೆದುಕೊಂಡು ಅವರು ನನ್ನ ಹತ್ತಿರ ಬರಲಿ. ಬಂಕಾಪುರದ ತನಕ ಹೇಗೂ ಬರುತ್ತಾರೆ. ಎಲ್ಲದಕ್ಕೂ ತಾರೀಖು ಹಾಕಿ ಸಹಿ ಮಾಡುತ್ತೇನೆ.

ಇನ್ನು ಕಣ್ಣಿನ ವಿಷಯ. ಫೆಬ್ರವರಿಯಲ್ಲಿ ಹೀಗಾಗಿದೆ, ನನಗೆ ಹೇಳಿದ್ದು ಸೆಪ್ಟೆಂಬರಿನಲ್ಲಿ. ಅಕ್ಷರ ನೋಡಿ ಸಿಟ್ಟು ಎಂದುಕೊಂಡೆನಲ್ಲ, ನಾನೆಂಥ ಟೀಚರ್. ಕಣ್ಣು ಕಾಣದ ಮಕ್ಕಳನ್ನು ಮುಂದಿನ ಬೆಂಚಿಗೆ ಕೂರಿಸುತ್ತಿದ್ದವಳು ನಾನು. ದಿನವೆಲ್ಲ ಇದೇ ಯೋಚನೆ.

ಔಷಧಿ ಹೊತ್ತಿಗೆ ಸರಿಯಾಗಿ ಹಾಕಿಕೋ.

ಅಕ್ಕ


ಮಾಳಮಡ್ಡಿ, ಧಾರವಾಡ
14 ಅಕ್ಟೋಬರ್ 2024

ಪ್ರಭು,

ಶನಿವಾರ, ವಿಜಯದಶಮಿಯ ದಿನ, ಕಾರು ಬಂತು. ಹತ್ತು ಐವತ್ತಕ್ಕೆ ಬಂಕಾಪುರದ ಮೆಸೇಜ್ ಬಂದಿತ್ತು. ಈ ಸಲ ಒಂದೂವರೆ ಗಂಟೆ ಕಳೆಯುವ ಮೊದಲೇ ಕಿಟಕಿ ಹತ್ತಿರ ಕೂತೆ, ಯಾರು ಬರುತ್ತಾರೆಂದು ಗೊತ್ತಿದ್ದರೂ. ಶಿಗ್ಗಾಂವಿಯಲ್ಲಿ ಹೆಂಡತಿ ಮಗುವನ್ನು ಹತ್ತಿಸಿಕೊಂಡು ಒಂದರ ಸುಮಾರಿಗೆ ಬಂದರು. ಕಾರಿನ ಮುಂದೆ ಚೆಂಡು ಹೂವಿನ ಹಾರ ಇನ್ನೂ ಬಾಡಿರಲಿಲ್ಲ. ಹಿಂದಿನ ದಿನ ಬಿನ್ನಿಪೇಟೆಯಲ್ಲಿ ಪೂಜೆ ಮಾಡಿಸಿದ್ದರಂತೆ.

ಕೈಲಾಸ್ ಇಳಿದವರೇ, "ಅಮ್ಮಾ, ನಂಗೆ ಏನೂ ಗೊತ್ತಿರ್ಲಿಲ್ಲ, ನೀವು ಕಾಯ್ತಿದ್ರಿ ಅಂತ ಪ್ರಭು ಸಾರ್ ಹೇಳಿದ್ರು" ಎಂದು ಬಾಗಿಲಲ್ಲೇ ನಿಂತುಬಿಟ್ಟರು. ಕಾದದ್ದು ನಿಮ್ಮ ತಪ್ಪಲ್ಲ, ಒಳಗೆ ಬನ್ನಿ ಎಂದೆ. ರೊಟ್ಟಿ ಮಾಡಿದ್ದೆ. ಮೂರು ತಿಂಗಳ ಮಗು ನಿನ್ನ ಭಾವನ ಕನ್ನಡಕ ಎಳೆದು ಕೆಳಗೆ ಹಾಕಿತು. ಅವರಿಗೆ ಬಹಳ ಸಂತೋಷ.

ಬ್ಯಾಂಕಿನ ಪತ್ರ ನೋಡಿದೆ, ಸರಿಯಾಗಿದೆ. ಫಾರಂಗಳಿಗೆಲ್ಲ ತಾರೀಖು ಹಾಕಿ ಸಹಿ ಮಾಡಿ ಕೊಟ್ಟೆ. ಆಮೇಲೆ ಫಾಸ್ಟ್ಯಾಗ್ ರದ್ದು ಮಾಡಲು ಓಟಿಪಿ ಬಂತು. ನಾನು ಒಂದೊಂದೇ ಅಂಕಿ ಓದಿದೆ, ಅವರು ಒತ್ತಿಕೊಂಡರು. ಅವರ ಹೊಸ ಸ್ಟಿಕ್ಕರ್ ಅಂಟಿಸಿದ್ದಾಯಿತು.

ಹೊರಡುವಾಗ ಇಲ್ಲಿಯ ಪದ್ಧತಿಯಂತೆ ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಹೇಳಿದೆ. ಬನ್ನಿ ಕೊಟ್ಟವರು ಹಳೆಯ ಜಗಳ ಎತ್ತುವ ಹಾಗಿಲ್ಲ. ನಿನಗೂ ಎರಡು ಎಲೆ ಇಟ್ಟಿದ್ದೇನೆ, ಒಂದು ಶೈಲಜಾಳದು.

ಭಾನುವಾರ ಮಧ್ಯಾಹ್ನ ಅವರು ಬಂಕಾಪುರ ದಾಟಿರಬೇಕು. ಫೋನು ಸುಮ್ಮನೆ ಇತ್ತು. ನಿಜ ಹೇಳುತ್ತೇನೆ, ಕಾರು ಹೋದದ್ದಕ್ಕೆ ನನಗೆ ಏನೂ ಅನಿಸಲಿಲ್ಲ, ಮೆಸೇಜ್ ನಿಂತದ್ದಕ್ಕೆ ಅಳು ಬಂತು. ನಾಲ್ಕು ತಿಂಗಳು ಅದು ನೀನೇ ಎಂದುಕೊಂಡಿದ್ದೆ. ಇನ್ನು ಮೇಲೆ ನೀನು ಎಲ್ಲಿಯ ತನಕ ಬಂದಿದ್ದೀಯ ಎಂದು ಹೇಳುವವರು ಯಾರೂ ಇಲ್ಲ.

ಅಕ್ಕ


ಚಾಮರಾಜಪೇಟೆ
19 ಅಕ್ಟೋಬರ್ 2024

ಅಕ್ಕಾ,

ಬನ್ನಿ ಎಲೆ ತಲುಪಿತು. ಅಂಗಡಿಯ ಹಳೇ ಹಿತ್ತಾಳೆ ತಕ್ಕಡಿಯ ತಟ್ಟೆಯಲ್ಲಿ ಇಟ್ಟಿದ್ದೇನೆ.

26ನೇ ತಾರೀಖು, ನಾಲ್ಕನೇ ಶನಿವಾರ, ನಾನೂ ಶೈಲಜಾಳೂ ಬರುತ್ತೇವೆ. ಮುದ್ರೆಯ ಕೆಲಸ ಎರಡು ದಿನ ಪಕ್ಕದ ಅಂಗಡಿಗೇ ಹೋಗಲಿ. ಶುಕ್ರವಾರ ಹೊರಡುವ ಗಾಡಿಗೆ ಟಿಕೆಟ್ ಆಗಿದೆ. ಬೆಳಗಿನ ಜಾವ ಧಾರವಾಡ ಸ್ಟೇಷನ್. ಕತ್ತಲಲ್ಲಿ ಮೆಟ್ಟಿಲು ಇಳಿಯುವುದು ನನಗೆ ಸ್ವಲ್ಪ ಕಷ್ಟ, ಭಾವನವರು ಪ್ಲಾಟ್‌ಫಾರಂಗೆ ಬಂದರೆ ಒಳ್ಳೆಯದು.

ರೈಲಿಗೆ ಟೋಲ್ ಇಲ್ಲ, ನಿನಗೆ ಮೆಸೇಜ್ ಬರುವುದಿಲ್ಲ. ಅದಕ್ಕೇ ಮೊದಲೇ ಬರೆಯುತ್ತಿದ್ದೇನೆ. ನಾಲ್ಕು ಜನಕ್ಕೆ ರೊಟ್ಟಿ ತಟ್ಟು.

ಪ್ರಭು